ಬೆವರಿನ ವಾಸನೆಗೆ ಮನೆಯಲ್ಲಿಯೇ ಪರಿಹಾರ

ಘಟ್ಟದ ಮೇಲಿನವರಿಗೆ ಕರಾವಳಿಯ ಬೇಸಿಗೆಯು ಕಲಿಸುವ ಪಾಠವೊಂದಿದೆ. ಧಾರವಾಡ, ಗದಗ, ಹಾವೇರಿಗಳ ಕಡೆಗೆ ಬಿಸಿಲು ಎಷ್ಟೇ ಉರಿಯಲಿ, ಬಂದ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಮೈ ಸುಡುತ್ತದೆ, ಆದರೆ ಅಂಟುವುದಿಲ್ಲ. ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ಗಾಳಿಯೇ ನೀರುಂಡು ತೃಪ್ತವಾಗಿರುತ್ತದೆ. ನಮ್ಮ ಮೈಯ ನೀರನ್ನು ಹೀರಿಕೊಳ್ಳಲು ಅದಕ್ಕೆ ದಾಹವಿರುವುದಿಲ್ಲ. ಸ್ನಾನ ಮಾಡಿ ಹೊರಬಂದು ಅರ್ಧ ಗಳಿಗೆಯಾಗುವಷ್ಟರಲ್ಲಿ ಬೆನ್ನಿಗೆ ಅಂಗಿ ಅಂಟಿಕೊಳ್ಳುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಉತ್ತರದಿಂದ ದಕ್ಷಿಣಕ್ಕೆ ಒಂದರ ಕೆಳಗೊಂದು ಸಮುದ್ರದಂಚಿನಲ್ಲಿ ಮಲಗಿವೆ. ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸಹ್ಯಾದ್ರಿ. ಅಘನಾಶಿನಿ, ಶರಾವತಿಗಳು ಕಡಲು ಸೇರುವ ಈ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಧಾರವಾಡದಲ್ಲಿ ಅದು 1000 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನೌಕರಿ, ವರ್ಗಾವಣೆ, ವ್ಯಾಪಾರಗಳ ನಿಮಿತ್ತ ನಮ್ಮ ಬಯಲುಸೀಮೆಯ ಎಷ್ಟೋ ಕುಟುಂಬಗಳು ಈ ಊರುಗಳಲ್ಲಿ ನೆಲೆಸಿವೆ. ಅಂಥ ಒಂದು ಮನೆಯಲ್ಲಿ ನಾವು ಕಂಡ ಸಂಗತಿಯೇ ಈ ಲೇಖನಕ್ಕೆ ಕಾರಣ.

ನಮ್ಮ ತಮ್ಮನ ಮಗನು ವರ್ಗಾವಣೆಯಾಗಿ ಕುಮಟೆಗೆ ಬಂದು ವರ್ಷವಾಗಿತ್ತು. ಫಾಲ್ಗುಣ ಮಾಸದಲ್ಲಿ ಹದಿನೈದು ದಿನ ಇದ್ದು ಬರೋಣವೆಂದು ನಾವು ಅಲ್ಲಿಗೆ ಹೋಗಿದ್ದೆವು. ಆತನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ನಾವು ಹೋದ ಎರಡನೆಯ ಸಂಜೆ ಆ ಮಗು ಪುಸ್ತಕದ ಚೀಲವನ್ನು ಮೂಲೆಗೆ ಒಗೆದು, “ಅಜ್ಜಾರ, ನಾಳಿಂದ ನಾ ಸಾಲಿಗೆ ಹೋಗೂದಿಲ್ಲ” ಎಂದಳು. ವಾರ್ಷಿಕ ಪರೀಕ್ಷೆಗೆ ಉಳಿದದ್ದು ಎರಡೇ ವಾರ. ಕಾರಣ ಕೇಳಿದರೆ ಮಾತಿಲ್ಲ. ರಾತ್ರಿ ಅವಳ ತಾಯಿ ಕಣ್ಣೊರೆಸಿಕೊಳ್ಳುತ್ತ, “ಮಾವಾರ, ಹುಡುಗೀ ಮೈ ವಾಸನಿ ಬರ್ತದಂತ ಬಾಜೂಕ ಕೂಡೂ ಹುಡುಗ್ಯಾರು ಬೆಂಚ್ ಬದ್ಲಿ ಮಾಡ್ಯಾರಂತ” ಎಂದು ಹೇಳಿದಳು. ಅಷ್ಟೇ ಅಲ್ಲ. ಮಗು ಯಾರಿಗೂ ಹೇಳದೆ ಮೊಬೈಲಿನಲ್ಲಿ ಕಂಡ ವಿಧಾನವೊಂದನ್ನು ಅನುಸರಿಸಿ, ನಿಂಬೆರಸದಲ್ಲಿ ಅಡುಗೆ ಸೋಡಾ ಕಲಸಿ ನಾಲ್ಕಾರು ದಿನ ಕಂಕುಳಿಗೆ ತಿಕ್ಕಿಕೊಂಡಿದ್ದಳು. ಚರ್ಮ ಕೆಂಪಾಗಿ ಸುಲಿದಿತ್ತು. ಕೈ ಎತ್ತಿದರೆ ಉರಿ.

ಮನೆಯ ಪದಾರ್ಥಗಳಿಂದ ಮಾಡಿದ್ದೆಲ್ಲ ನಿರಪಾಯವೆಂಬ ನಂಬಿಕೆ ಎಷ್ಟು ಹಗುರವಾದುದು ಎಂದು ನಮಗೆ ಆ ರಾತ್ರಿ ಅರಿವಾಯಿತು. ಆ ಮಗುವಿಗೆ ಏನು ಹೇಳಬೇಕೆಂದು ನಾವೂ ಕಲಿಯಬೇಕಾಯಿತು. ಕಲಿತದ್ದನ್ನು ವಾಚಕರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಬೆವರಿಗೆ ವಾಸನೆಯಿಲ್ಲ

ಮೊದಲು ತಿಳಿಯಬೇಕಾದುದು ಇದು: ಆಗತಾನೇ ಒಸರಿದ ಬೆವರಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಮನುಷ್ಯನ ಮೈಯಲ್ಲಿ 20ರಿಂದ 40 ಲಕ್ಷದಷ್ಟು ಬೆವರಿನ ಗ್ರಂಥಿಗಳಿವೆ. ಅವುಗಳಲ್ಲಿ ಬಹುಪಾಲು ಗ್ರಂಥಿಗಳು ನೀರು ಮತ್ತು ಲವಣವನ್ನು ಹೊರಸೂಸಿ ಮೈಯನ್ನು ತಂಪುಗೊಳಿಸುತ್ತವೆ. ಇವು ಹುಟ್ಟಿನಿಂದಲೇ ಕೆಲಸ ಮಾಡುತ್ತಿರುತ್ತವೆ. ಕಂಕುಳು ಮತ್ತು ತೊಡೆಸಂದುಗಳಲ್ಲಿ ಬೇರೊಂದು ಬಗೆಯ ಗ್ರಂಥಿಗಳಿವೆ. ಅವು ಸೂಸುವ ದ್ರವದಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಅಂಶಗಳಿರುತ್ತವೆ. ಇವು ಎಚ್ಚತ್ತುಕೊಳ್ಳುವುದು ಪ್ರಾಯಕ್ಕೆ ಕಾಲಿಡುವ ವಯಸ್ಸಿನಲ್ಲಿ. ಹನ್ನೆರಡು ಹದಿನಾಲ್ಕರ ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಮೈವಾಸನೆ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ ಹೊರತು ಅವರ ಕೊಳಕುತನದಿಂದಲ್ಲ.

ನಮ್ಮ ಚರ್ಮದ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸದಾ ಇರುತ್ತವೆ. ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೋಕಾಕಸ್ ಹೋಮಿನಿಸ್ ಎಂದು ವಿಜ್ಞಾನಿಗಳು ಕರೆಯುವ ಜೀವಿಗಳು ಕಂಕುಳಿನ ಆ ದ್ರವವನ್ನು ಒಡೆದು ಬೇರೆ ವಸ್ತುಗಳನ್ನಾಗಿ ಮಾಡುತ್ತವೆ. ವಾಸನೆ ಹುಟ್ಟುವುದು ಆಗ. ತೇವ, ಶಾಖ, ಸಮಯ ಈ ಮೂರೂ ಒದಗಿದಲ್ಲಿ ಅವುಗಳ ಕೆಲಸ ಸುಲಭವಾಗುತ್ತದೆ. ಕರಾವಳಿಯಲ್ಲಿ ಮೂರಕ್ಕೂ ಕೊರತೆಯಿಲ್ಲ. ಆದುದರಿಂದ ಪರಿಹಾರದ ದಾರಿಯೂ ಸ್ಪಷ್ಟ: ತೊಳೆಯಬೇಕು, ಒಣಗಿಸಬೇಕು, ಆ ಜೀವಿಗಳ ಹಾವಳಿಯನ್ನು ತಗ್ಗಿಸಬೇಕು. ಪರಿಮಳ ಕೊನೆಯ ಮಾತು.

ಪೇಟೆಯಲ್ಲಿ ಸಿಗುವ ಸಾಮಗ್ರಿಗಳಲ್ಲಿಯೂ ಎರಡು ಬಗೆ. ವಾಸನೆಯನ್ನು ಮಾತ್ರ ತಡೆಯುವುದು ಡಿಯೋಡರೆಂಟ್. ಅಲ್ಯೂಮಿನಿಯಂ ಲವಣಗಳಿಂದ ಬೆವರಿನ ರಂಧ್ರಗಳನ್ನೇ ತಾತ್ಕಾಲಿಕವಾಗಿ ಮುಚ್ಚುವುದು ಆ್ಯಂಟಿಪರ್ಸ್ಪಿರೆಂಟ್. ಅಮೆರಿಕೆಯಲ್ಲಿ 1888ರಲ್ಲಿ ‘ಮಮ್’ ಎಂಬ ಲೇಪವೂ, 1903ರಲ್ಲಿ ‘ಎವರ್‌ಡ್ರೈ’ ಎಂಬ ಬೆವರುತಡೆಯೂ ಮಾರಾಟಕ್ಕೆ ಬಂದವು. ಆ ಬಳಿಕ ಈ ವ್ಯಾಪಾರ ಲೋಕವ್ಯಾಪಿಯಾಯಿತು. ಅಲ್ಯೂಮಿನಿಯಂ ಲವಣಗಳಿಂದ ಸ್ತನದ ಕ್ಯಾನ್ಸರ್ ಬರುತ್ತದೆಂಬ ಭಯ ಜನರಲ್ಲಿದೆ. ಇದುವರೆಗಿನ ಸಂಶೋಧನೆಗಳು ಅಂಥ ಸಂಬಂಧವನ್ನು ದೃಢಪಡಿಸಿಲ್ಲ. ಆದುದರಿಂದ ಮನೆಯಲ್ಲಿ ತಯಾರಿಸಿಕೊಳ್ಳುವುದಕ್ಕೆ ಭಯವೇ ಕಾರಣವಾಗಬೇಕಿಲ್ಲ. ಖರ್ಚು ಕಡಿಮೆ, ಏನು ಹಚ್ಚಿಕೊಳ್ಳುತ್ತಿದ್ದೇವೆಂಬ ತಿಳಿವು ಇರುತ್ತದೆ, ಕಡುಪರಿಮಳ ಒಗ್ಗದವರಿಗೆ ಹಿತ. ಇಷ್ಟು ಸಾಕು.

ಹಿರಿಯರು ಬಲ್ಲ ಗಂಧಯುಕ್ತಿ

ಇದು ನಮಗೆ ಹೊಸ ವಿದ್ಯೆಯೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿತ್ಯಚರ್ಯೆಯನ್ನು ಹೇಳುವಾಗ, ಮೈಯನ್ನು ಉಜ್ಜಿ ಶುಚಿಗೊಳಿಸುವುದರಿಂದ ದುರ್ಗಂಧ, ಜಡತೆ, ತುರಿಕೆ, ಬೆವರಿನ ಅಸಹ್ಯ ಇವೆಲ್ಲ ಕಳೆಯುತ್ತವೆಂದು ಹೇಳಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವಿದೆ. ನಮ್ಮ ಕನ್ನಡದಲ್ಲಿ ಚಾಳುಕ್ಯ ಜಯಸಿಂಹನ ಕಾಲದ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಪಾಕ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ವಿಚಾರವೂ ಬಂದಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಸ್ನಾನ ಮತ್ತು ವಿಲೇಪನಗಳನ್ನು ಪ್ರತ್ಯೇಕವಾಗಿ ವಿವರಿಸಿದ್ದಾನೆ. ಅವನು ಮೊದಲು ಸ್ನಾನವನ್ನು ಹೇಳಿ ಅನಂತರ ಲೇಪನಕ್ಕೆ ಬರುತ್ತಾನೆಂಬುದನ್ನು ನಾವು ಗಮನಿಸಬೇಕು. ಗಂಧವು ತೊಳೆದ ಮೈಗೆ ಒಡವೆ. ತೊಳೆಯದ ಮೈಗೆ ಬರಿಯ ಮುಸುಕು.

ಕುಮಟೆಯ ಮಗುವಿನ ಕಥೆ

ಮರುದಿನ ಮಗುವನ್ನು ಊರಿನ ವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಅವರು ಒಂದು ಮುಲಾಮು ಕೊಟ್ಟು, ಚರ್ಮ ಮಾಯುವವರೆಗೆ ಬೇರೇನನ್ನೂ ಹಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದರು. ಕಾರಣವನ್ನೂ ತಿಳಿಸಿದರು. ಆರೋಗ್ಯವಂತ ಚರ್ಮದ ಮೇಲ್ಪದರವು ಕಿಂಚಿತ್ತು ಹುಳಿಗುಣವುಳ್ಳದ್ದು. ಆ ಗುಣವೇ ಅದಕ್ಕೆ ಕಾವಲು. ಅಡುಗೆ ಸೋಡಾ ಕ್ಷಾರ. ದಿನವೂ ತಿಕ್ಕಿದರೆ ಆ ಕಾವಲು ಸಡಿಲುತ್ತದೆ. ನಿಂಬೆರಸವು ಅತಿಯಾದ ಹುಳಿ. ಅದನ್ನು ಹಚ್ಚಿದ ಚರ್ಮಕ್ಕೆ ಬಿಸಿಲು ತಗುಲಿದರೆ ಸುಟ್ಟಂತೆ ಕಲೆಗಳಾಗುವುದೂ ಉಂಟು.

ಹಾಗಾದರೆ ಆ ಎರಡು ವಾರ ಮಗು ಶಾಲೆಗೆ ಹೋಗುವುದೆಂತು? ಏನನ್ನೂ ಹಚ್ಚುವಂತಿಲ್ಲ. ಆಗ ಅವಳ ತಾಯಿಗೆ ಒಂದು ಸಂಶಯ ಮೂಡಿತು. ತೊಳೆದು ಒಣಗಿಸಿ ಮಡಚಿಟ್ಟಿದ್ದ ಸಮವಸ್ತ್ರವನ್ನು ತಂದು ಮೂಸಿ ನೋಡಿದಳು. ವಾಸನೆ ಅಲ್ಲಿಯೇ ಇತ್ತು! ಪಾಲಿಯೆಸ್ಟರ್ ಬೆರೆತ ಬಟ್ಟೆ ಅದು. ಅಂಥ ನೂಲು ನೀರನ್ನು ಹೀರುವುದಿಲ್ಲ. ಆದರೆ ಮೈಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿಯ ಬಟ್ಟೆಗಿಂತ ಅದರಲ್ಲಿ ದುರ್ವಾಸನೆ ಹೆಚ್ಚು ನಿಲ್ಲುತ್ತದೆ. ಇದ್ದದ್ದು ಎರಡೇ ಜೊತೆ. ಸಂಜೆ ಒಗೆದು ಮನೆಯೊಳಗೇ ಹರವಿದ ಬಟ್ಟೆ ಬೆಳಗಿನ ತನಕ ಅರೆಒಣಗಿರುತ್ತಿತ್ತು. ಧಾರವಾಡದ ಗಾಳಿಯಲ್ಲಿ ಎರಡು ತಾಸಿಗೆ ಒಣಗುತ್ತಿದ್ದ ಅದೇ ಬಟ್ಟೆ, ಅದೇ ಒಗೆತ. ಊರು ಬದಲಾದದ್ದನ್ನು ಬಟ್ಟೆ ಅರಿತಿತ್ತು, ನಾವು ಅರಿತಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಮಗು ಶಾಲೆಯಿಂದ ಬಂದೊಡನೆ ಸಮವಸ್ತ್ರದ ಕಂಕುಳ ಭಾಗವನ್ನು ಒಳಮೈ ಹೊರಗೆ ಮಾಡಿ ಬಿಸಿನೀರು, ಸಾಬೂನುಗಳಲ್ಲಿ ಅರ್ಧ ತಾಸು ನೆನೆಸಿ ಉಜ್ಜುವುದು, ರಾತ್ರಿ ಪಂಖದ ಕೆಳಗೆ ಹರವುವುದು, ಬೆಳಗಿನ ಬಿಸಿಲಿಗೆ ಹಿಡಿದು ಇಸ್ತ್ರಿ ಮಾಡುವುದು. ಮೂರನೆಯ ಜೊತೆಯನ್ನೂ ಹೊಲಿಸಿದರು. ಒಳಗೆ ತೆಳುವಾದ ಹತ್ತಿಯ ಬನಿಯನ್ನು. ಬೆಳಗ್ಗೆ ಸಂಜೆ ಎರಡು ಹೊತ್ತು ಸ್ನಾನ. ಕಂಕುಳನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು ಒಣಬಟ್ಟೆಯಿಂದ ಒತ್ತಿ ಒರೆಸುವುದು. ನಾಲ್ಕನೆಯ ದಿನ ಮಗು ತಾನಾಗಿಯೇ ಚೀಲ ಹೆಗಲಿಗೇರಿಸಿತು. ಏನನ್ನೂ ಹಚ್ಚದೆ ಮುಕ್ಕಾಲು ತೊಂದರೆ ನೀಗಿತ್ತು. ಪರೀಕ್ಷೆಗೂ ಕುಳಿತಳು.

ಉಳಿದ ಕಾಲುಭಾಗಕ್ಕೆ ಚರ್ಮ ಮಾಯ್ದ ಮೇಲೆ ಮನೆಯಲ್ಲಿ ಮಾಡಿಕೊಂಡ ಸಾಮಗ್ರಿಗಳನ್ನು ಮುಂದೆ ಹೇಳುತ್ತೇವೆ.

ಒಂದು: ಪಟಿಕದ ನೀರು

ಕ್ಷೌರವಾದ ಮೇಲೆ ಗಲ್ಲಕ್ಕೆ ತೀಡುವ ಬಿಳಿಯ ಹರಳುಕಲ್ಲೇ ಪಟಿಕ. ಬಯಲುಸೀಮೆಯಲ್ಲಿ ಇದನ್ನೇ ತುರಟಿ ಎನ್ನುವರು. ಗ್ರಂಧಿಗೆ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಇದು ಚರ್ಮವನ್ನು ಬಿಗಿಗೊಳಿಸುತ್ತದೆ. ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ.

200 ಮಿಲಿಲೀಟರ್ ನೀರನ್ನು ಕುದಿಸಿ ಆರಿಸಿ, ಅದಕ್ಕೆ ನುಣ್ಣಗೆ ಪುಡಿಮಾಡಿದ ಪಟಿಕವನ್ನು ಒಂದು ಚಹಾ ಚಮಚೆಯಷ್ಟು ಹಾಕಿ ಕರಗಿಸಬೇಕು. ಶುಭ್ರವಾದ ಗಾಜಿನ ಸೀಸೆಯಲ್ಲಿ ತುಂಬಿಡಬೇಕು. ಲೋಹದ ಪಾತ್ರೆ ಬೇಡ. ಸ್ನಾನಾನಂತರ ಕಂಕುಳು ಪೂರ್ತಿ ಒಣಗಿದ ಮೇಲೆ ಹತ್ತಿಯಿಂದ ಒಮ್ಮೆ ಸವರಿ, ಆರಿದ ಬಳಿಕವೇ ಅಂಗಿ ತೊಡಬೇಕು. ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳುವುದು ಲೇಸು. ಇಷ್ಟೂ ವ್ಯವಧಾನವಿಲ್ಲದವರು ಹರಳನ್ನೇ ನೀರಿನಲ್ಲಿ ಅದ್ದಿ ಮೃದುವಾಗಿ ತೀಡಿಕೊಳ್ಳಬಹುದು.

ಇಲ್ಲೊಂದು ಮಾತನ್ನು ಮರೆಮಾಚಬಾರದು. ಪಟಿಕವೂ ಅಲ್ಯೂಮಿನಿಯಮ್ಮಿನ ಒಂದು ಲವಣವೇ. ಅಲ್ಯೂಮಿನಿಯಂ ಬೇಡವೆಂದು ಪೇಟೆಯ ಸೀಸೆಯನ್ನು ಬಿಟ್ಟು ಪಟಿಕವನ್ನು ಹಿಡಿಯುವವರು ಇದನ್ನು ತಿಳಿದಿರಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಬಳಸುವುದು ತರವಲ್ಲ.

ಎರಡು: ಕೂವೆ ಮತ್ತು ಲಾವಂಚದ ಪುಡಿ

ಕುಮಟೆಯಿಂದ ನಾವು ಹೊನ್ನಾವರಕ್ಕೆ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಅಲ್ಲಿಯ ವೃದ್ಧ ತಾಯಿಯೊಬ್ಬರು ಹಿತ್ತಿಲಿನಲ್ಲಿ ಬೆಳೆದ ಕೂವೆ ಗೆಡ್ಡೆಯಿಂದ ಹಿಟ್ಟು ತೆಗೆಯುತ್ತಿದ್ದರು. ಗೆಡ್ಡೆಯನ್ನು ತೊಳೆದು ತುರಿದು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಚೆಲ್ಲಿ ಮತ್ತೆ ಮತ್ತೆ ಹೊಸ ನೀರು ಹಾಕಿ, ತಳದಲ್ಲಿ ನಿಂತ ಬಿಳಿಯ ಪಿಷ್ಟವನ್ನು ಬಿಸಿಲಿನಲ್ಲಿ ಒಣಗಿಸುವ ಕೆಲಸ. ಮಕ್ಕಳ ಹೊಟ್ಟೆಗೆ ಗಂಜಿ ಕಾಯಿಸಲು ಇದನ್ನು ಬಳಸುವರು. “ಸೆಕೆಗಾಲದಲ್ಲಿ ಬೆವರುಸಾಲೆ ಎದ್ದರೆ ಇದನ್ನೇ ಮೈಗೂ ಹಾಕುವುದು, ಶಾಸ್ತ್ರಿಗಳೇ” ಎಂದು ಅವರು ಹೇಳಿದಾಗ ನಮಗೆ ದಾರಿ ಕಂಡಿತು. ಕೂವೆಯ ಹಿಟ್ಟು ಬಹು ನುಣುಪು, ತೇವವನ್ನು ಹೀರುತ್ತದೆ, ಚರ್ಮಕ್ಕೆ ಹಿತ.

ಇನ್ನು ಲಾವಂಚ. ಹುಲ್ಲಿನ ಜಾತಿಯ ಈ ಸಸ್ಯದ ಬೇರಿನಲ್ಲಿ ಮಳೆ ಬಿದ್ದ ಮಣ್ಣಿನಂಥ ತಂಪು ಪರಿಮಳವಿದೆ. ಸಡಿಲವಾದ ಮರಳುಮಿಶ್ರಿತ ನೆಲದಲ್ಲಿ ಇದರ ಬೇರು ಆಳಕ್ಕೆ ಇಳಿಯುತ್ತದೆ. ಇನ್ನೊಂದು ದ್ರವ್ಯ ಶ್ರೀಗಂಧ. ಹೊನ್ನಾವರ, ಕುಮಟಾಗಳು ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಊರುಗಳೆಂಬುದು ವಾಚಕರಿಗೆ ತಿಳಿದುದೇ.

ತಯಾರಿಸುವ ಬಗೆ: ಒಣಗಿದ ಲಾವಂಚದ ಬೇರನ್ನು ತೊಳೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣಗೆ ಕತ್ತರಿಸಿ, ಕುಟ್ಟಿ ಪುಡಿಮಾಡಬೇಕು. ಅದನ್ನು ತೆಳುವಾದ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ವೈದ್ಯಗ್ರಂಥಗಳು ವಸ್ತ್ರಗಾಳಿತವೆಂದು ಹೇಳುವುದು ಇದನ್ನೇ. ನಾರಿನ ಚೂರು ಉಳಿದರೆ ಚರ್ಮವನ್ನು ಚುಚ್ಚುತ್ತದೆ. ಕೂವೆ ಹಿಟ್ಟು ನಾಲ್ಕು ದೊಡ್ಡ ಚಮಚೆ, ಲಾವಂಚದ ಪುಡಿ ಒಂದು ದೊಡ್ಡ ಚಮಚೆ, ಶ್ರೀಗಂಧದ ಪುಡಿ ದೊರೆತರೆ ಒಂದು ಚಹಾ ಚಮಚೆ ಬೆರೆಸಿ, ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಡಬೇಕು. ಒಣಗಿದ ಕಂಕುಳಿಗೆ ಚಿಟಿಕೆಯಷ್ಟು ಹಗುರವಾಗಿ ಲೇಪಿಸಿದರೆ ಸಾಕು. ಪಟಿಕದ ನೀರು ಆರಿದ ಮೇಲೆಯೂ ಇದನ್ನು ಹಾಕಬಹುದು. ಮಳೆಗಾಲದಲ್ಲಿ ಹಿಟ್ಟು ಬೂಸಲು ಹಿಡಿಯುತ್ತದೆ. ಎರಡು ವಾರಕ್ಕೆ ಸಾಲುವಷ್ಟೇ ಮಾಡಿಕೊಳ್ಳಬೇಕು. ಪುಡಿಯನ್ನು ಎರಚಿ ಧೂಳೆಬ್ಬಿಸಬಾರದು, ಹಸುಗೂಸುಗಳ ಬಳಿ ಮೊದಲೇ ಬೇಡ. ಉಸಿರಿನೊಡನೆ ಒಳಗೆ ಹೋದೀತು.

ಮೂರು: ಕೊಬ್ಬರಿ ಎಣ್ಣೆಯ ಲೇಪ

ಪರದೇಶದ ವಿಧಾನಗಳಲ್ಲಿ ಕೊಬ್ಬರಿ ಎಣ್ಣೆಗೆ ಪಿಷ್ಟ ಕಲಸಿ ಗಟ್ಟಿ ಲೇಪ ಮಾಡುವುದನ್ನು ಹೇಳುವರು. ಚಳಿಯ ನಾಡಿನಲ್ಲಿ ಅದು ಬೆಣ್ಣೆಯಂತೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಭಟ್ಕಳದ ಬೇಸಿಗೆಯಲ್ಲಿ ಅದು ನೀರಾಗಿಯೇ ಇರುತ್ತದೆ, ಹಿಟ್ಟು ತಳಕ್ಕಿಳಿಯುತ್ತದೆ. ಇದಕ್ಕೆ ಜೇನುಮೇಣ ಬೇಕು. ಅದು ಕರಗಲು 60 ಡಿಗ್ರಿಗೂ ಮಿಕ್ಕ ಶಾಖ ಬೇಕಾಗುತ್ತದೆ.

ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಪಾತ್ರೆಯಿಟ್ಟು, ತುರಿದ ಜೇನುಮೇಣ ಒಂದು ದೊಡ್ಡ ಚಮಚೆ, ಕೊಬ್ಬರಿ ಎಣ್ಣೆ ನಾಲ್ಕು ದೊಡ್ಡ ಚಮಚೆ ಹಾಕಿ ಕರಗಿಸಬೇಕು. ಮೇಣವನ್ನು ನೇರವಾಗಿ ಉರಿಯ ಮೇಲೆ ಇಡಲೇಕೂಡದು, ಹೊತ್ತಿಕೊಳ್ಳುವ ಭಯವಿದೆ. ಇಳಿಸಿ, ಮೂರು ದೊಡ್ಡ ಚಮಚೆ ಕೂವೆ ಹಿಟ್ಟನ್ನು ಗಂಟಾಗದಂತೆ ಕಲಸಿ ಡಬ್ಬಿಗೆ ಸುರಿದು ಆರಲು ಬಿಡಬೇಕು. ಕಡಲೆಕಾಳಿನಷ್ಟು ತೆಗೆದು ಸವರಿದರೆ ಸಾಕು. ಚರ್ಮ ಒಡೆಯುವವರಿಗೆ, ಒಣಚರ್ಮದವರಿಗೆ ಇದು ಹಿತ. ಬಿಳಿಯ ಅಂಗಿಗೆ ಜಿಡ್ಡಿನ ಕಲೆಯಾಗಬಹುದೆಂಬುದು ಇದರ ದೋಷ.

ಪರಿಮಳದ ಮಾತು

ಭಟ್ಕಳವು ಪರಿಮಳದ ಊರು. ಅಲ್ಲಿಯ ಮಲ್ಲಿಗೆಯ ದಂಡೆಗೆ ದೂರದ ಊರುಗಳಲ್ಲಿಯೂ ಬೇಡಿಕೆಯಿದೆ. ಅರಬ್ಬೀ ನಾಡುಗಳೊಡನೆ ತಲೆತಲಾಂತರದ ವ್ಯಾಪಾರಸಂಬಂಧವುಳ್ಳ ನವಾಯತರ ಊರದು. ಅತ್ತರಿನ ಪುಟ್ಟ ಸೀಸೆಗಳು ಅಲ್ಲಿಯ ಪೇಟೆಗೆ ಸಹಜ. ಒಂದು ಅಂಗಡಿಯಲ್ಲಿ ನಾವು ಲಾವಂಚದ ಅತ್ತರನ್ನು ವಿಚಾರಿಸಿದಾಗ ವೃದ್ಧ ವ್ಯಾಪಾರಿಯು, “ಸ್ನಾನ ಮಾಡಿ ಮೈ ಒಣಗಿದ ಮೇಲೆ ಒಂದೇ ಹನಿ ಸಾಕು. ಬೆವರಿನ ಮೇಲೆ ಹಾಕಿದರೆ ಎರಡೂ ಕೆಡ್ತದೆ” ಎಂದನು. ಸೋಮೇಶ್ವರನು ಗ್ರಂಥದಲ್ಲಿಟ್ಟ ಕ್ರಮವೇ ಈತನ ಬಾಯಲ್ಲಿಯೂ ಬಂದಿತಲ್ಲಾ ಎಂದು ನಮಗೆ ಸಂತೋಷವಾಯಿತು. ಅತ್ತರನ್ನು ಕಂಕುಳಿನ ಚರ್ಮಕ್ಕಿಂತ ಬಟ್ಟೆಯಂಚಿಗೆ ಸೋಕಿಸುವುದು ಒಳ್ಳೆಯದು.

ಎಚ್ಚರಿಕೆಗಳು

ಯಾವುದನ್ನೇ ಮಾಡಿಕೊಳ್ಳಿರಿ, ಮೊದಲು ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ತುರಿಕೆ, ಕೆಂಪು ಕಂಡರೆ ಬಿಟ್ಟುಬಿಡಬೇಕು. ಕೂದಲು ತೆಗೆದ ದಿನ, ಗಾಯ ಅಥವಾ ಬೊಕ್ಕೆ ಇರುವಾಗ ಏನನ್ನೂ ಹಚ್ಚಬಾರದು. ಕಂಕುಳಿನ ಕೂದಲನ್ನು ಕತ್ತರಿಯಿಂದ ಗಿಡ್ಡಗೊಳಿಸಿದರೂ ವಾಸನೆ ಕಡಿಮೆಯಾಗುತ್ತದೆ. ಇವು ಬೆವರನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದ ಅಗತ್ಯವೂ ಇಲ್ಲ. ಬೆವರು ಮೈಯನ್ನು ಕಾಯುವ ತಂಪು.

ಆದರೆ ಮೈವಾಸನೆ ಇದ್ದಕ್ಕಿದ್ದಂತೆ ಬೇರೆಯಾದರೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವತರೆ, ಅದರೊಡನೆ ಜ್ವರ ಅಥವಾ ತೂಕ ಇಳಿಯುವುದು ಕಂಡರೆ, ಕಂಕುಳಿನಲ್ಲಿ ಮತ್ತೆ ಮತ್ತೆ ಕುರು ಎದ್ದರೆ, ಅಂಗೈಯಿಂದ ತೊಟ್ಟಿಕ್ಕುವಷ್ಟು ಬೆವರಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ ತಾಯಿತಂದೆಗಳಿಗೆ ಒಂದು ಮಾತು. ಮಕ್ಕಳು ಹನ್ನೊಂದು ಹನ್ನೆರಡಕ್ಕೆ ಬಂದಾಗ ಅವರ ಮೈಯಲ್ಲಾಗುವ ಈ ಬದಲಾವಣೆಯನ್ನು ಮುಂಚಿತವಾಗಿಯೇ ತಿಳಿಹೇಳಿರಿ. ಗಂಡುಮಕ್ಕಳಿಗೂ ಹೇಳಿರಿ. ನಮ್ಮ ಕುಮಟೆಯ ಮಗು ನಾಲ್ಕು ದಿನ ಬಚ್ಚಲಿನಲ್ಲಿ ಒಬ್ಬಳೇ ಉರಿಯನ್ನು ನುಂಗಿದ್ದು ಹೇಳಿಕೊಳ್ಳಲು ನಾಚಿಕೆಯಾದುದರಿಂದ. ಮನೆಯಲ್ಲಿ ಕೇಳುವ ಕಿವಿಯೊಂದಿದ್ದರೆ ಆ ಉರಿ ತಪ್ಪುತ್ತಿತ್ತು. ಪಕ್ಕದಲ್ಲಿ ಕುಳಿತವನ ಬೆವರಿಗೆ ಮೂಗು ಮುಚ್ಚಿಕೊಂಡು ಏಳಬಾರದೆಂದೂ ಮಕ್ಕಳಿಗೆ ಕಲಿಸಿರಿ. ನಮ್ಮೆಲ್ಲರ ಅನ್ನವು ಯಾರದೋ ಬೆವರಿನಿಂದ ಬಂದುದು.

ನಾವು ಹೊರಡುವ ದಿನ ಆ ಮಗು ತಾನೇ ಜರಡಿ ಹಿಡಿದ ಪುಡಿಯ ಡಬ್ಬಿಯೊಂದನ್ನು ನಮ್ಮ ಚೀಲದಲ್ಲಿಟ್ಟು, “ಅಜ್ಜಾರ, ಇದು ನಿಮಗ. ಊರಾಗೂ ಸೆಕಿ ಐತೆಲ್ಲ” ಎಂದಳು. ಡಬ್ಬಿ ಮುಗಿಯಿತು. ಈಗ ನಾವೇ ಮಾಡಿಕೊಳ್ಳುತ್ತಿದ್ದೇವೆ.